ಗುಟ್ಸಿಗೆ ಮುಂಗಡ ಕೊಡುವ ಮುನ್ನ

ಹಳೇ ಕಾಲದ ಅಂದದ ಬೈಕ್ ಬೇಕೆಂದು ಮೋಟೊ ಗುಟ್ಸಿ ವಿ7 ಮೇಲೆ ಕಣ್ಣಿಟ್ಟಿದ್ದೀರಾ? ಟ್ಯಾಂಕಿನ ಹೊಳಪಿಗೆ ಮನಸೋಲುವ ಮೊದಲು ಸ್ಟಾರ್ಟ್ ಮಾಡಿ, ನಿಂತಲ್ಲೇ ಆಕ್ಸಿಲರೇಟರ್ ತಿರುವಿ ನೋಡಿ. ಇಡೀ ಗಾಡಿ ಬಲಕ್ಕೆ ಸಣ್ಣಗೆ ವಾಲುತ್ತದೆ. ಗಾಬರಿಯಾಗಬೇಡಿ, ಸಿಲಿಂಡರ್‌ಗಳೆರಡೂ ಪಕ್ಕಕ್ಕೆ ಚಾಚಿಕೊಂಡು ಕ್ರ್ಯಾಂಕ್ ಉದ್ದಕ್ಕೆ ಕೂತಿರುವುದರಿಂದ ಅದರ ಸ್ವಭಾವವೇ ಹಾಗೆ. ಈ ಅಲುಗಾಟ ಹಿಡಿಸಿದರೆ ಅರ್ಧ ತೀರ್ಮಾನ ಆದಂತೆ.

ಹಿಂದಿನ ಚಕ್ರ ತಿರುಗಿಸುವುದು ಚೈನ್ ಅಲ್ಲ, ಶಾಫ್ಟ್. ಎಣ್ಣೆ ಹಚ್ಚುವ, ಬಿಗಿ ಮಾಡುವ ರಗಳೆಯಿಲ್ಲ. ಸಿಲಿಂಡರ್ ಹೆಡ್‌ಗಳು ಹೊರಗೇ ಇರುವುದರಿಂದ ಟ್ಯಾಪೆಟ್ ಹೊಂದಿಸುವುದೂ ಸುಲಭ. ಇದು ದೊಡ್ಡ ಗುಣವೆಂದೇ ನನ್ನ ಎಣಿಕೆ. ಆದರೆ 2021ರಲ್ಲಿ ವಿ7ಗೆ ಬಂದ 853 ಸಿಸಿ ಎಂಜಿನ್ ಕೊಡುವುದು ಸುಮಾರು 65 ಅಶ್ವಶಕ್ತಿ. ತೂಕ 200 ಕಿಲೋ ದಾಟುತ್ತದೆ. ವೇಗದ ಹುಚ್ಚಿದ್ದವರು ಬೇರೆ ನೋಡಿಕೊಳ್ಳುವುದು ಒಳ್ಳೆಯದು. ಎತ್ತರದ ಆಳಾಗಿದ್ದರೆ ಮೊಣಕಾಲು ಸಿಲಿಂಡರ್‌ಗೆ ತಾಗುತ್ತದೆಯೇ ಎಂದು ಕೂತು ನೋಡಲೇಬೇಕು.

ಎಲ್ಲಕ್ಕಿಂತ ಮುಖ್ಯ ಬಿಡಿಭಾಗ. ಇಟಲಿಯ ಕೋಮೊ ಸರೋವರದ ದಂಡೆಯ ಮಾಂಡೆಲ್ಲೊದಲ್ಲಿ ತಯಾರಾಗುವ ಈ ಗಾಡಿಯ ಕ್ಲಚ್ ಪ್ಲೇಟ್ ನಮ್ಮ ಬೀದಿಯ ಗ್ಯಾರೇಜಿನಲ್ಲಿ ಸಿಗುವಂಥದ್ದಲ್ಲ. ಸರ್ವಿಸ್ ಸೆಂಟರ್ ಎಷ್ಟು ದೂರ, ಸಾಮಾನು ತರಿಸಲು ಎಷ್ಟು ದಿನ, ಅದರ ಖರ್ಚೆಷ್ಟು ಎಂಬುದನ್ನು ಕೇಳಿ ಬರೆದುಕೊಂಡ ಮೇಲೆಯೇ ಮುಂಗಡ ಕೊಡಿ.