ಬರೆದದ್ದು ನಿನ್ನ ಕೈಯಲ್ಲೂ ಇರಲಿ

ಮಗೂ, ಕಾದಂಬರಿಯನ್ನು ಆನ್‌ಲೈನ್ ವೇದಿಕೆಯಲ್ಲಿ ಕಂತು ಕಂತಾಗಿ ಹಾಕಲೋ ಬೇಡವೋ, ಆ ಕಂಪನಿಗಳನ್ನು ನಂಬಬಹುದೇ ಎಂದು ಕೇಳಿದ್ದೀಯ. ಧಾರಾಳವಾಗಿ ಹಾಕು. ವಾರಪತ್ರಿಕೆಗಳಲ್ಲಿ ಹೊಸಬರಿಗೆ ಸಿಗುವ ಪುಟ ಎಷ್ಟು ಕಡಿಮೆಯಾಗಿದೆ ಅನ್ನುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರತಿಲಿಪಿಯಂಥ ಜಾಗಗಳು ಇಲ್ಲದಿದ್ದರೆ, ಮನೆಗೆಲಸ ಮುಗಿಸಿ ರಾತ್ರಿ ಫೋನಿನಲ್ಲೇ ಟೈಪ್ ಮಾಡಿ ಧಾರಾವಾಹಿ ಬರೆಯುವ ಎಷ್ಟೋ ಹೆಣ್ಣುಮಕ್ಕಳಿಗೆ ಓದುಗರೇ ಸಿಗುತ್ತಿರಲಿಲ್ಲ. ಅಲ್ಲಿ ಬರೆಯುವುದನ್ನು ಹಗುರವಾಗಿ ಕಾಣುವ ಹಿರಿಯರಿದ್ದಾರೆ. ನಾನು ಆ ಸಾಲಿನಲ್ಲಿಲ್ಲ.

ಆದರೆ ಹಾಕುವುದು ಬೇರೆ, ನಂಬಿ ಕೂರುವುದು ಬೇರೆ. ಆ ಕಂಪನಿಗಳಲ್ಲಿ ಸಾಹಿತ್ಯದ ಮೇಲೆ ನಿಜವಾದ ಪ್ರೀತಿ ಇರುವವರು ಇದ್ದಾರೆ. ಅಲ್ಲಿ ಕೆಲಸ ಮಾಡುವ ಕನ್ನಡದ ಹುಡುಗ ಹುಡುಗಿಯರು ನಿನ್ನ ಕಥೆ ಓದಿ ಸಂತೋಷಪಡುವವರೇ. ಹಣ ಹಾಕಿದವರು ಮಾತ್ರ ಬೇರೆ ಇರುತ್ತಾರೆ. ಲೆಕ್ಕ ಕೂಡಿಬರದ ದಿನ ಒಂದು ವಿಭಾಗ ಮುಚ್ಚುತ್ತದೆ, ಇಲ್ಲವೇ ಇಡೀ ಕಂಪನಿ ಕೈ ಬದಲಾಗುತ್ತದೆ. ನಿನಗೆ ಮಾತು ಕೊಟ್ಟವರು ಆ ಹೊತ್ತಿಗೆ ಅಲ್ಲಿ ಇರುವುದೇ ಇಲ್ಲ.

ಇದು ಊಹೆಯ ಮಾತಲ್ಲ. ಸಾಮಾನ್ಯ ಜನ ತಮ್ಮದೇ ಪುಟ ಕಟ್ಟಿಕೊಳ್ಳಲಿ ಎಂದು 1994ರಲ್ಲಿ ಅಮೆರಿಕದಲ್ಲಿ ಜಿಯೋಸಿಟೀಸ್ ಶುರುವಾಯಿತು. 1999ರಲ್ಲಿ ಯಾಹೂ ಅದನ್ನು 300 ಕೋಟಿ ಡಾಲರಿಗೂ ಹೆಚ್ಚು ಬೆಲೆ ಕೊಟ್ಟು ಕೊಂಡಿತು. ಹತ್ತು ವರ್ಷದಲ್ಲಿ, 2009ರ ಅಕ್ಟೋಬರಿನಲ್ಲಿ, ಬಾಗಿಲು ಹಾಕಿತು. ಲಕ್ಷಾಂತರ ಜನರ ಬರಹದಲ್ಲಿ ಇವತ್ತು ಉಳಿದಿರುವುದು, ಕೊನೆಯ ದಿನಗಳಲ್ಲಿ ಕೆಲವು ಸ್ವಯಂಸೇವಕರೂ ಇಂಟರ್ನೆಟ್ ಆರ್ಕೈವ್‌ನವರೂ ಬಾಚಿಕೊಂಡು ಇಟ್ಟದ್ದು. ಸಾಮಾಜಿಕ ಜಾಲತಾಣವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಹೋಯಿತು. ಕಂತು ಕಂತಾಗಿ ಕಥೆ ಹಾಕಲೆಂದೇ ಅಮೆಜಾನ್ 2021ರಲ್ಲಿ ತೆರೆದ ಕಿಂಡಲ್ ವೆಲ್ಲಾ 2025ರಲ್ಲಿ ಮುಚ್ಚಿತು. ನಮ್ಮ ಎಷ್ಟೋ ಕವಿಗಳು ಉದ್ದದ ಬರಹಕ್ಕೆ ಬಳಸುತ್ತಿದ್ದ ಫೇಸ್‌ಬುಕ್ಕಿನ ನೋಟ್ಸ್ ಸೌಲಭ್ಯ 2020ರ ಅಕ್ಟೋಬರ್ 31ರಿಂದ ನಿಂತುಹೋಯಿತು. ಅದೇ ವರ್ಷ ಜೂನ್ 29ರಂದು ಟಿಕ್‌ಟಾಕನ್ನು ನಿಲ್ಲಿಸಿದ್ದು ಕಂಪನಿಯಲ್ಲ, ಸರಕಾರ. ಹಳ್ಳಿಯ ಕಲಾವಿದರು ವರ್ಷಗಟ್ಟಲೆ ಕೂಡಿಸಿಕೊಂಡಿದ್ದ ನೋಡುಗರು ಒಂದು ರಾತ್ರಿಯಲ್ಲಿ ಇಲ್ಲವಾದರು. ಇವುಗಳಲ್ಲಿ ಯಾವುದರ ಹಿಂದೆಯೂ ಬರೆಯುವವರ ಮೇಲಿನ ದ್ವೇಷ ಇರಲಿಲ್ಲ. ಬರೆಯುವವರ ಯೋಚನೆಯೇ ಅಲ್ಲಿ ಇರಲಿಲ್ಲ, ಅಷ್ಟೇ. ಕಿಂಡಲ್ 2016ರ ಡಿಸೆಂಬರಿನಲ್ಲಿ ಭಾರತದ ಐದು ಭಾಷೆಗಳ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಇದ್ದವು, ಕನ್ನಡ ಇರಲಿಲ್ಲ. ಅಷ್ಟು ದೂರದಲ್ಲಿ ಕೂತು ತೀರ್ಮಾನ ಮಾಡುವವರ ಮೇಲೆ ನಿನ್ನ ಬದುಕಿನ ಬರಹವನ್ನೆಲ್ಲ ಹೊರಿಸಬೇಡ.

ಕನ್ನಡದವರಿಗೆ ಇದರ ಜೊತೆ ಇನ್ನೊಂದು ಪೆಟ್ಟೂ ಬಿದ್ದಿದೆ. ನಿನ್ನ ವಯಸ್ಸಿನವರಿಗೆ ಅದು ಗೊತ್ತಿರಲಾರದು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ, ಶ್ರೀಲಿಪಿ ಎಂದು ಒಂದೊಂದು ತಂತ್ರಾಂಶ ಕನ್ನಡ ಅಕ್ಷರಗಳನ್ನು ಒಂದೊಂದು ರೀತಿಯಲ್ಲಿ ಕೂಡಿಡುತ್ತಿತ್ತು. ಆ ಕಾಲದ ನುಡಿ ಫೈಲೊಂದನ್ನು ಇವತ್ತು ನಿನ್ನ ಫೋನಿನಲ್ಲಿ ತೆರೆದು ನೋಡು. 'ಕನ್ನಡ' ಎಂದು ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಎಳೆದ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಹೀಗೆ ಸಾಲು ಹೋಗುತ್ತದೆ. ಯೂನಿಕೋಡಿಗೆ ಬದಲಾಯಿಸುವ ಸಾಧನಗಳಿವೆ. ಆದರೂ ಒತ್ತಕ್ಷರ, ಅರ್ಕಾವೊತ್ತು ಎಡವುತ್ತವೆ. ಕೂತು ಒಂದೊಂದು ಪುಟ ಕರಡು ತಿದ್ದಬೇಕು. ಆ ತಾಳ್ಮೆ ಇರುವವರು ಮನೆಯಲ್ಲಿ ಇಲ್ಲದೆ ಒಳ್ಳೊಳ್ಳೆಯ ಲೇಖಕರ ಹಸ್ತಪ್ರತಿಗಳು ಹಳೆಯ ಕಂಪ್ಯೂಟರಿನ ಜೊತೆ ಗುಜರಿಗೆ ಹೋಗಿವೆ.

ಹಾಗಾಗಿ ಬೆಳೆಯನ್ನು ಸಂತೆಗೆ ಒಯ್ಯಿ, ಬಿತ್ತನೆ ಬೀಜ ಮನೆಯಲ್ಲಿರಲಿ. ಆ್ಯಪಿನೊಳಗೇ ನೇರವಾಗಿ ಟೈಪ್ ಮಾಡುವ ಅಭ್ಯಾಸ ಬಿಡು. ಮೊದಲು ನಿನ್ನದೇ ಫೈಲಿನಲ್ಲಿ ಯೂನಿಕೋಡಿನಲ್ಲಿ ಬರೆ, ಆಮೇಲೆ ಅಲ್ಲಿ ಅಂಟಿಸು. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಇಮೇಲಿನಲ್ಲಿ ಇದ್ದರೆ ಮೂರೂ ಒಟ್ಟಿಗೆ ಹಾಳಾಗುವುದು ಕಷ್ಟ. ಈಗಾಗಲೇ ಬ್ಲಾಗಿನಲ್ಲಿ ಬರೆದದ್ದಿದ್ದರೆ ಗೂಗಲ್ ಟೇಕ್‌ಔಟ್‌ನಿಂದ ಅಷ್ಟನ್ನೂ ಇಳಿಸಿಕೊಳ್ಳಬಹುದು. ಫೇಸ್‌ಬುಕ್ಕಿನಲ್ಲೂ ನಿನ್ನ ಮಾಹಿತಿಯನ್ನು ಇಳಿಸಿಕೊಳ್ಳುವ ದಾರಿ ಇದೆ. ಯಾವುದೇ ಹೊಸ ವೇದಿಕೆಗೆ ಸೇರುವ ಮೊದಲು ಇಂಥ ದಾರಿ ಉಂಟೋ ಇಲ್ಲವೋ ನೋಡು. ಒಳಗೆ ಬಾ ಎಂದು ಕರೆದು ಹೊರಗೆ ಹೋಗುವಾಗ ಬರಹವನ್ನು ಕೊಡದವರ ಹತ್ತಿರ ಹೋಗಲೇಬೇಡ.

ಇನ್ನು ಹಕ್ಕಿನ ವಿಷಯ. ಇದನ್ನು ನಿಧಾನವಾಗಿ ಓದು, ಇಲ್ಲೇ ಹೆಚ್ಚು ಜನ ಸೋಲುವುದು. ನೀನು ಬರೆದ ಕ್ಷಣದಲ್ಲೇ ಅದರ ಕೃತಿಸ್ವಾಮ್ಯ ನಿನ್ನದು. ಎಲ್ಲೂ ನೋಂದಾಯಿಸಬೇಕಾಗಿಲ್ಲ. ನಮ್ಮ 1957ರ ಕಾಯ್ದೆಯ ಪ್ರಕಾರ ಅದು ನಿನ್ನ ಜೀವಮಾನವಿಡೀ ಇದ್ದು, ನಿನ್ನ ನಂತರವೂ 60 ವರ್ಷ ನಿನ್ನ ವಾರಸುದಾರರದ್ದು. ಅದನ್ನು ಬೇರೆಯವರಿಗೆ ವಹಿಸಿಕೊಡುವುದು ಬರವಣಿಗೆಯಲ್ಲೇ ಆಗಬೇಕು. ಎಷ್ಟು ಕಾಲಕ್ಕೆ ಎಂದು ಬರೆದಿಲ್ಲದಿದ್ದರೆ ಅದು ಐದು ವರ್ಷಕ್ಕೆ ಮಾತ್ರ. ಎಲ್ಲಿಗೆ ಎಂದು ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ಅದು ಬಿದ್ದುಹೋಗುತ್ತದೆ. ಲೇಖಕರನ್ನು ಕಾಯುವ ಇಂಥ ಒಳ್ಳೆಯ ಮಾತುಗಳು ಆ ಕಾಯ್ದೆಯಲ್ಲಿವೆ. ಆದರೆ ಇವೆಲ್ಲ ಒಪ್ಪಂದ ಸುಮ್ಮನಿದ್ದಾಗ ಮಾತ್ರ ಕೆಲಸಕ್ಕೆ ಬರುವಂಥವು. 'ಶಾಶ್ವತವಾಗಿ', 'ಜಗತ್ತಿನಾದ್ಯಂತ', 'ಬಳಸದಿದ್ದರೂ ಹಕ್ಕು ಹಿಂದಿರುಗುವುದಿಲ್ಲ' ಎಂದು ಅಚ್ಚುಕಟ್ಟಾಗಿ ಬರೆದಿಟ್ಟ ಕಡೆ ನೀನು ಒಪ್ಪಿಗೆಯ ಗುಂಡಿ ಒತ್ತಿದರೆ, ಆ ರಕ್ಷಣೆಯನ್ನು ನಿನ್ನ ಕೈಯಾರೆ ತೆಗೆದುಹಾಕಿದ ಹಾಗೆ.

ಷರತ್ತುಗಳ ಪುಟ ಉದ್ದವಾಗಿರುತ್ತದೆ, ಇಂಗ್ಲಿಷಿನಲ್ಲಿರುತ್ತದೆ, ರಾತ್ರಿ ಹನ್ನೊಂದಕ್ಕೆ ಮೊದಲ ಕಂತು ಹಾಕುವ ಆತುರದಲ್ಲಿ ಯಾರೂ ಓದುವುದಿಲ್ಲ. ನೀನು ಓದು. ಎಲ್ಲವೂ ಬೇಡ, ಲೈಸೆನ್ಸ್ ಎಂಬ ಮಾತು ಬರುವ ಪ್ಯಾರಾ ಹುಡುಕು. ಅಲ್ಲಿ 'ನಾನ್-ಎಕ್ಸ್‌ಕ್ಲೂಸಿವ್' ಎಂದಿದ್ದರೆ ಅವರೂ ಪ್ರಕಟಿಸಬಹುದು, ನೀನು ಬೇರೆ ಕಡೆಯೂ ಕೊಡಬಹುದು. 'ಎಕ್ಸ್‌ಕ್ಲೂಸಿವ್' ಎಂದಿದ್ದರೆ ಇನ್ನು ನೀನೇ ನಿನ್ನ ಕಥೆಯನ್ನು ಪುಸ್ತಕ ಮಾಡಲು ಅವರನ್ನು ಕೇಳಬೇಕಾಗಬಹುದು. ಅಮೆಜಾನಿನ ಕೆಡಿಪಿ ಸೆಲೆಕ್ಟ್ ಯೋಜನೆಯಲ್ಲಿ ಈ ಕಟ್ಟು ಇ-ಪುಸ್ತಕಕ್ಕೆ ಮಾತ್ರ, ಅದೂ 90 ದಿನದ್ದು. ಅವಧಿ ಸ್ಪಷ್ಟವಾಗಿದೆ, ಒಪ್ಪುವುದು ಬಿಡುವುದು ಲೆಕ್ಕಾಚಾರದ ಮಾತು. ಅವಧಿಯೇ ಇಲ್ಲದ ಕಟ್ಟಿಗೆ ಮಾತ್ರ ಒಪ್ಪಬೇಡ. ಆಮೇಲೆ ಆಡಿಯೊ, ಅನುವಾದ, ಕಾಮಿಕ್ಸ್, ಟಿವಿ ಧಾರಾವಾಹಿ, ವೆಬ್ ಸರಣಿ ಇವುಗಳ ಹೆಸರು ಎಲ್ಲಾದರೂ ಇದೆಯೇ ನೋಡು. ಓದಿಸುವ ಹಕ್ಕು ಒಂದು, ಸಿನಿಮಾ ಮಾಡುವ ಹಕ್ಕು ಇನ್ನೊಂದು. ಎರಡನ್ನೂ ಒಂದೇ ಗುಂಡಿಗೆ ಕಟ್ಟಿ ಕೇಳಿದರೆ, ಎರಡನೆಯದಕ್ಕೆ ಬೇರೆ ಕಾಗದ ಮಾಡೋಣ ಎಂದು ಬರೆದು ತಿಳಿಸು. ಹಾಗೆ ಕೇಳಿದರೆ ಅವಕಾಶ ತಪ್ಪುತ್ತದೆ ಎಂಬ ಹೆದರಿಕೆ ಹೊಸಬರಿಗೆ ಇರುತ್ತದೆ. ಕಥೆ ಬೇಕಾದವರು ಒಂದು ಇಮೇಲಿಗೆ ಓಡಿಹೋಗುವುದಿಲ್ಲ.

ವೇದಿಕೆಯ ನಿಯಮ ಬರಹದ ರೂಪವನ್ನೂ ತಿದ್ದುತ್ತದೆ ಎಂಬುದು ಮನಸ್ಸಿನಲ್ಲಿರಲಿ. ಅಮೆಜಾನಿನ ಚಂದಾ ಯೋಜನೆಯಾದ ಕಿಂಡಲ್ ಅನ್‌ಲಿಮಿಟೆಡ್‌ನಲ್ಲಿ ಮೊದಲು ಪುಸ್ತಕವೊಂದನ್ನು ಓದುಗ ತೆಗೆದುಕೊಂಡು ಶೇ. 10ರಷ್ಟು ಓದಿದರೆ ಲೇಖಕನಿಗೆ ಹಣ ಬರುತ್ತಿತ್ತು. ಆಗ ಹಲವರು ಒಂದು ಕಾದಂಬರಿಯನ್ನು ತುಂಡು ತುಂಡು ಮಾಡಿ ಸಣ್ಣ ಪುಸ್ತಕಗಳಾಗಿ ಹಾಕಿದರು. 2015ರ ಜುಲೈನಿಂದ ಓದಿದ ಪುಟಕ್ಕೆ ಇಷ್ಟು ಎಂದು ನಿಯಮ ಬದಲಾಯಿತು, ಪುಸ್ತಕಗಳು ಉಬ್ಬತೊಡಗಿದವು. ಕಥೆ ಅದೇ, ಬರೆಯುವವರು ಅವರೇ. ನಮ್ಮಲ್ಲೂ ದಿನಕ್ಕೊಂದು ಕಂತು, ಪ್ರತಿ ಕಂತಿನ ಕೊನೆಗೊಂದು ಆಘಾತ ಎಂಬ ಒತ್ತಡ ನಿನ್ನ ಮೇಲೆ ಬೀಳುತ್ತದೆ. ತ್ರಿವೇಣಿ, ಎಂ.ಕೆ. ಇಂದಿರಾ ಓದಿದವಳು ನಿನ್ನಮ್ಮ. ಅವರ ಕಾದಂಬರಿಗಳ ಹದ ಎಲ್ಲಿಂದ ಬರುತ್ತದೆ ಎಂದು ಅವಳನ್ನೇ ಕೇಳು. ಇಂದು ಎಷ್ಟು ಜನ ಓದಿದರು ಎಂಬ ಅಂಕಿಯನ್ನು ವಾರಕ್ಕೊಮ್ಮೆ ನೋಡಿದರೆ ಸಾಕು.

ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ನಿನ್ನ ಓದುಗರ ಬಗ್ಗೆ. ಹಸ್ತಪ್ರತಿಗೆ ನಕಲು ಮಾಡಬಹುದು, ಓದುಗರಿಗೆ ನಕಲಿಲ್ಲ. ನಿನ್ನನ್ನು ಹತ್ತು ಸಾವಿರ ಜನ ಹಿಂಬಾಲಿಸುತ್ತಾರೆ ಎಂದು ಆ್ಯಪ್ ತೋರಿಸುತ್ತದೆ. ಅವರಲ್ಲಿ ಒಬ್ಬರ ಊರೂ ನಿನಗೆ ಗೊತ್ತಿಲ್ಲ. ಕಂಪನಿಗೆ ಗೊತ್ತು. ನಾಳೆ ನಿನ್ನ ಖಾತೆ ಯಾವುದೋ ತಪ್ಪು ದೂರಿನಿಂದ ನಿಂತುಹೋದರೆ, ಮುಂದಿನ ಕಂತು ಇಲ್ಲಿದೆ ಎಂದು ಅವರಿಗೆ ಹೇಳಲು ನಿನಗೆ ದಾರಿಯೇ ಇಲ್ಲ.

ಕನ್ನಡದಲ್ಲಿ ಮೊದಲಿನಿಂದಲೂ ಸ್ವತಂತ್ರವಾಗಿ ನಿಂತವರು ಓದುಗರ ಬಾಗಿಲಿನ ಗುರುತು ಇಟ್ಟುಕೊಂಡವರು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1980ರಲ್ಲಿ ಲಂಕೇಶರು ಪತ್ರಿಕೆ ಶುರುಮಾಡಿದಾಗ ಜಾಹೀರಾತು ಬೇಡವೆಂದರು, ಕೊಂಡು ಓದುವವರ ಕಾಸಿನಲ್ಲೇ ಅದನ್ನು ನಡೆಸಿದರು. ನೀನು ಹೊರೆ ಹೊರಬೇಕಾಗಿಲ್ಲ. ಪ್ರತಿ ಕಂತಿನ ಕೆಳಗೆ, ಹೊಸ ಬರಹದ ಸುದ್ದಿ ನೇರವಾಗಿ ಬೇಕಾದವರು ಈ ಇಮೇಲಿಗೆ ಒಂದು ಸಾಲು ಬರೆಯಿರಿ ಎಂದು ಹಾಕು, ವೇದಿಕೆಯ ನಿಯಮ ಬಿಟ್ಟರೆ. ನಮ್ಮ ಓದುಗರು ಇಮೇಲಿಗಿಂತ ವಾಟ್ಸಾಪಿನವರು, ನಿಜ. ಅಲ್ಲಿನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ನಿನ್ನ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಅಂದರೆ ಆ ಪಟ್ಟಿಯಲ್ಲಿ ಉಳಿದವರು ನಿಜವಾಗಿ ನಿನ್ನನ್ನು ಬೇಕೆಂದವರು. ಹೆಣ್ಣುಮಕ್ಕಳಾದರೆ ಮನೆಯ ನಂಬರ್ ಕೊಡಬಾರದು, ಇದಕ್ಕೆಂದೇ ಬೇರೆ ಸಿಮ್ ಇಟ್ಟುಕೊಳ್ಳಬೇಕು. ಒಳ್ಳೆಯ ಓದುಗರ ನಡುವೆ ಕಾಟ ಕೊಡುವವರೂ ಇರುತ್ತಾರೆ. ಹೆಸರು, ಊರು, ನಂಬರ್ ಒಂದು ನೋಟ್‌ಬುಕ್ಕಿನಲ್ಲೂ ಬರೆದಿಡು. ವಾಟ್ಸಾಪೂ ಒಂದು ಕಂಪನಿಯದ್ದೇ. ಹೀಗೆ ಸೇರುವ ಇನ್ನೂರು ಜನ ಆ ಹತ್ತು ಸಾವಿರಕ್ಕಿಂತ ಹೆಚ್ಚಿನವರು ಎಂದು ನಾನು ನಂಬಿದ್ದೇನೆ. ನಿನ್ನ ಪುಸ್ತಕ ಬಂದರೆ ಕೊಳ್ಳುವವರು ಅವರೇ.

ಪುಸ್ತಕ ಬರಲಿ ಎಂದೂ ಹೇಳುತ್ತೇನೆ. ಕಾದಂಬರಿ ಮುಗಿದ ಮೇಲೆ ಮೈಲ್ಯಾಂಗ್‌ನಂಥ ಕನ್ನಡದ್ದೇ ಇ-ಪುಸ್ತಕ ಸಂಸ್ಥೆಗೆ ಕೊಡು, ಬೇಡವೆನ್ನುವುದಿಲ್ಲ. ಆದರೆ ನೂರೇ ಪ್ರತಿಯಾದರೂ ಅಚ್ಚು ಹಾಕಿಸು. ಈಗ ಬೇಕಾದಷ್ಟೇ ಪ್ರತಿ ಮುದ್ರಿಸಿಕೊಡುವವರಿದ್ದಾರೆ. ಐಎಸ್‌ಬಿಎನ್ ಸಂಖ್ಯೆಯನ್ನು ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. 1954ರ ಕಾನೂನಿನಂತೆ ಪ್ರಕಾಶಕರು 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ನೀನೇ ಪ್ರಕಾಶಕನಾದರೂ ಕಳಿಸು. ವಾರಪತ್ರಿಕೆಯಲ್ಲಿ ಬಂದ ಹಳೆಯ ಧಾರಾವಾಹಿಯನ್ನು ಇವತ್ತಿಗೂ ಗ್ರಂಥಾಲಯದ ಕಟ್ಟುಗಳಲ್ಲಿ ಹುಡುಕಿ ತೆಗೆಯಬಹುದು, ಏಕೆಂದರೆ ಅದರ ಪ್ರತಿಗಳು ನೂರಾರು ಊರುಗಳಲ್ಲಿ ಹಂಚಿಹೋಗಿವೆ. ಆ್ಯಪಿನ ಕಂತು ಇರುವುದು ಒಂದೇ ಯಜಮಾನನ ಹತ್ತಿರ.

ಕೊನೆಗೆ, ಈ ವಯಸ್ಸಿನಲ್ಲಿ ಯೋಚಿಸಲು ನಿನಗೆ ಇಷ್ಟವಾಗದ ವಿಷಯವೊಂದಿದೆ, ಆದರೂ ಹೇಳಲೇಬೇಕು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿತು. ಹಕ್ಕು ನಿನ್ನ ನಂತರ 60 ವರ್ಷ ಉಳಿದರೂ, ಬರಹ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದ ಖಾತೆಯಲ್ಲಿದ್ದರೆ ವಾರಸುದಾರರಿಗೆ ಅದರಿಂದ ಏನೂ ಸಿಗದು. ಖಾತೆ ಸುಮ್ಮನಾದರೆ ಯಾರಿಗೆ ತಿಳಿಸಬೇಕು ಎಂದು ಗೂಗಲ್‌ನಲ್ಲಿ ಮೊದಲೇ ಹೆಸರು ಕೊಟ್ಟಿಡಬಹುದು. ಅದನ್ನು ಮಾಡು. ಫೈಲುಗಳು ಎಲ್ಲಿವೆ, ಯಾವ ವೇದಿಕೆಯ ಖಾತೆ ಯಾವ ಇಮೇಲಿನದು, ಯಾರಿಗೆ ಯಾವ ಹಕ್ಕು ಎಷ್ಟು ವರ್ಷಕ್ಕೆ ಕೊಟ್ಟಿದ್ದೀಯ ಎಂದು ಒಂದು ಹಾಳೆಯಲ್ಲಿ ಬರೆದು, ಒಪ್ಪಂದಗಳ ಪ್ರಿಂಟ್ ಜೊತೆ ಮನೆಯ ಕಾಗದಪತ್ರದ ಕಡತದಲ್ಲಿಡು. ಮನೆಯವರು ಸಾಹಿತ್ಯ ಓದದಿದ್ದರೂ ಅಡ್ಡಿಯಿಲ್ಲ, ಆ ಹಾಳೆ ಎಲ್ಲಿದೆ ಎಂದು ಒಬ್ಬರಿಗಾದರೂ ಗೊತ್ತಿರಲಿ. ಮುಂದೆ ಉಯಿಲು ಬರೆಯುವ ಕಾಲ ಬಂದಾಗ ಕೃತಿಸ್ವಾಮ್ಯ ಯಾರಿಗೆ ಎಂಬುದನ್ನೂ ಸೇರಿಸು, ಅದೂ ಆಸ್ತಿಯೇ.