ಊರಿನಿಂದ ಬರುವ ಪೊಟ್ಟಣವೂ ಪರದೇಶದ ದಂಡಸಂಹಿತೆಯೂ

ಕಳೆದ ತಿಂಗಳು ನಮ್ಮ ಬೋವಿಕಾನದ ಕಡೆಯಿಂದ ಎಮಿರೇಟ್ಸಿಗೆ ಹೊಸತಾಗಿ ಬಂದಿಳಿದ ಎಳೆಯ ದಂಪತಿಗಳು, ಎರಡು ವರ್ಷದ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು, ವಿಮಾನನಿಲ್ದಾಣದ ಸುಂಕದ ಕೋಣೆಯಲ್ಲಿ ನಡುರಾತ್ರಿಯಿಂದ ಬೆಳಕು ಹರಿಯುವವರೆಗೆ ಕುಳಿತಿರಬೇಕಾಯಿತು. ಎದುರಿನ ಮೇಜಿನ ಮೇಲೆ ಕಂದುಬಣ್ಣದ ಟೇಪು ಸುತ್ತಿ, ಮಾರ್ಕರಿನಿಂದ ಯಾರದೋ ಹೆಸರು ಬರೆದ ಒಂದು ಪೊಟ್ಟಣವಿತ್ತು. ಅದರೊಳಗಿದ್ದುದು ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಕಾಲು ಕಿಲೋ ಗಸಗಸೆ, ವೈದ್ಯರ ಚೀಟಿಯಿಲ್ಲದ ಎರಡು ಪಟ್ಟಿ ನೋವಿನ ಮಾತ್ರೆ. ಹೊರಡುವ ಹಿಂದಿನ ಸಂಜೆ ನೆರೆಮನೆಯವರ ಪರಿಚಯದವರಾರೋ ತಂದುಕೊಟ್ಟಿದ್ದರಂತೆ. ಸುದೈವದಿಂದ ಅಧಿಕಾರಿಗಳು ಗಸಗಸೆ, ಮಾತ್ರೆಗಳನ್ನು ಮುಟ್ಟುಗೋಲು ಹಾಕಿ, ಹೇಳಿಕೆ ಬರೆಸಿಕೊಂಡು ಇವರನ್ನು ಬಿಟ್ಟುಕೊಟ್ಟರು. ಮರುದಿನ ಆ ಹುಡುಗನು ನನ್ನೊಡನೆ, “ಮಾವಾ, ಒಂದು ಗಸಗಸೆಗೆ ಇಷ್ಟೆಲ್ಲ ರಂಪವಾ? ಅವರು ನಂಬಿ ಕೊಟ್ಟದ್ದಲ್ಲವಾ, ಬಿಚ್ಚಿ ನೋಡುವುದು ಹೇಗೆ?” ಎಂದಾಗ, ಅವನ ಮೇಲಿನ ಮಮತೆಯಷ್ಟೇ ಕೋಪವೂ ನನಗೆ ಬಂದಿತು.

ಹೊರಡುವ ಮುನ್ನಿನ ರಾತ್ರಿ ನಮ್ಮೂರಿನ ಮನೆಯ ಚಾವಡಿ ಹೇಗಿರುತ್ತದೆಂಬುದನ್ನು ನಾನು ಬಲ್ಲೆನು. ಪೆಟ್ಟಿಯ ಬಾಯಿ ತೆರೆದಿರುತ್ತದೆ. ತೂಗುವ ಕೊಕ್ಕೆಯನ್ನು ಹಿಡಿದು ಒಬ್ಬನು ನಿಂತಿರುತ್ತಾನೆ. ಮುಳಿಯಾರಿನಿಂದ ಒಬ್ಬರು, ಚೆರ್ಕಳದಿಂದ ಇನ್ನೊಬ್ಬರು, “ಇದೊಂದು ಸಣ್ಣದು, ಮಗನಿಗೆ” ಎನ್ನುತ್ತ ಬರುತ್ತಾರೆ. ಬೇಡವೆನ್ನುವುದಕ್ಕೆ ನಾಲಗೆ ಏಳುವುದಿಲ್ಲ. ದೂರದಲ್ಲಿರುವ ಮಕ್ಕಳಿಗೆ ತಾಯಂದಿರು ಕಳುಹಿಸುವ ಉಪ್ಪಿನಕಾಯಿಯ ವಿಷಯದಲ್ಲಿ ಕಠಿನನಾಗಿರೆಂದು ನಾನು ಯಾರಿಗೂ ಬೋಧಿಸಲಾರೆನು. ಆದರೆ ಬಿಚ್ಚಬಾರದ ಪೊಟ್ಟಣವೆಂಬುದೊಂದು ಇರಕೂಡದು. ಕೊಟ್ಟವರ ಎದುರಿನಲ್ಲಿಯೇ ಟೇಪನ್ನು ಕತ್ತರಿಸಿ, ಒಂದೊಂದನ್ನೂ ಹೊರತೆಗೆದು ನೋಡಿ, ಮತ್ತೆ ನಿಮ್ಮ ಕೈಯಿಂದಲೇ ಕಟ್ಟತಕ್ಕದ್ದು. ಅದಕ್ಕೆ ಮುನಿಯುವವರ ಪೊಟ್ಟಣ ಚಾವಡಿಯಲ್ಲಿಯೇ ಉಳಿಯಲಿ. ಪಾಯಸಕ್ಕೆ ನಾವು ಅರೆಯುವ ಗಸಗಸೆಯು ಅಫೀಮಿನ ಗಿಡದ ಬೀಜವಾದುದರಿಂದ ಇಲ್ಲಿ ನಿಷಿದ್ಧ. ಟ್ರಮಡಾಲ್, ಕೊಡೀನ್ ಮೊದಲಾದ ದ್ರವ್ಯಗಳುಳ್ಳ ಔಷಧಗಳಿಗೆ ವೈದ್ಯರ ಚೀಟಿಯಲ್ಲದೆ ಇಲ್ಲಿಯ ಆರೋಗ್ಯಾಧಿಕಾರಿಗಳ ಪೂರ್ವಾನುಮತಿಯೂ ಬೇಕು.

ಇಷ್ಟು ಕಟುವಾಗಿ ಹೇಳುವುದಕ್ಕೆ ಕಾರಣವುಂಟು. ಇಲ್ಲಿಯ ದಂಡಸಂಹಿತೆಯು ಅಪರಾಧಗಳನ್ನು ಮೂರು ವರ್ಗವಾಗಿ ವಿಂಗಡಿಸುತ್ತದೆ. ನಿಯಮಭಂಗದಂಥ ಚಿಲ್ಲರೆ ತಪ್ಪುಗಳದು ಒಂದು; ಒಂದು ತಿಂಗಳಿನಿಂದ ಮೂರು ವರ್ಷಗಳವರೆಗಿನ ಬಂಧನ ಅಥವಾ ಜುಲ್ಮಾನೆಗೆ ಪಾತ್ರವಾಗುವುದು ಇನ್ನೊಂದು; ‘ಜಿನಾಯತ್’ ಎಂದು ಕಾಗದಪತ್ರಗಳಲ್ಲಿ ಕಾಣಬರುವ ಮೂರನೆಯದು ಘೋರಾಪರಾಧಗಳ ವರ್ಗ, ಅದಕ್ಕೆ ಮೂರರಿಂದ ಹದಿನೈದು ವರ್ಷಗಳ ಸೆರೆ, ಜೀವಾವಧಿ, ಮರಣದಂಡನೆ. ಮಾದಕದ್ರವ್ಯಗಳ ಕುರಿತು 2021ರಲ್ಲಿ ಹೊರಟ 30ನೆಯ ಶಾಸನವು, ತಾನೇ ಸೇವಿಸಿ ಮೊದಲ ಸಲ ಸಿಕ್ಕಿಬಿದ್ದವನ ವಿಷಯದಲ್ಲಿ ಕೊಂಚ ಮೃದುವಾಗಿ, ಮೂರು ತಿಂಗಳಿಗೆ ಕಡಿಮೆಯಿಲ್ಲದ ಸೆರೆಯನ್ನೋ 20,000ದಿಂದ 1,00,000 ದಿರ್ಹಮಿನವರೆಗಿನ ಜುಲ್ಮಾನೆಯನ್ನೋ ವಿಧಿಸಬಹುದೆನ್ನುತ್ತದೆ. ಆದರೆ ಇನ್ನೊಬ್ಬರಿಗೆ ತಲಪಿಸಲೆಂದು ತಂದ ಪೊಟ್ಟಣವು ಸ್ವಂತ ಸೇವನೆಯದೆಂದು ವಾದಿಸುವುದಾದರೂ ಹೇಗೆ? ಸಾಗಾಟ, ಮಾರಾಟಗಳ ಆಪಾದನೆ ಸಿದ್ಧವಾದಲ್ಲಿ ದಂಡನೆಯು ಜೀವಾವಧಿಯವರೆಗೂ, ಕೆಲವು ಸಂದರ್ಭಗಳಲ್ಲಿ ಮರಣದಂಡನೆಯವರೆಗೂ ಏರಬಲ್ಲುದು. ಗೃಹಸ್ಥನ ವಾಸಪರವಾನಗಿ ರದ್ದಾದರೆ, ಅದನ್ನೇ ಆಶ್ರಯಿಸಿದ ಹೆಂಡತಿಮಕ್ಕಳ ವೀಸಾವೂ ಉಳಿಯುವುದಿಲ್ಲ.

ನಮ್ಮ ದೇಶದಲ್ಲಿ ಹೀಗಿಲ್ಲವೆಂದು ಯಾರೂ ಭಾವಿಸಬಾರದು. 1985ರ ಮಾದಕವಸ್ತು ಕಾನೂನಿನ 35ನೆಯ ಸೆಕ್ಷನ್ನಿನಂತೆ, ವಸ್ತುವು ಯಾರ ವಶದಲ್ಲಿತ್ತೋ ಅವನಿಗೆ ಅದರ ಅರಿವಿತ್ತೆಂದೇ ನ್ಯಾಯಾಲಯವು ಮೊದಲು ಭಾವಿಸತಕ್ಕದ್ದು, ಇರಲಿಲ್ಲವೆಂದು ಸಿದ್ಧಪಡಿಸುವ ಹೊರೆ ಅವನದೇ. ಚರಸ್ಸಾದರೆ ಒಂದು ಕಿಲೋ, ಈಗ ನಮ್ಮ ಕಾಸರಗೋಡಿನಲ್ಲಿಯೂ ಹುಡುಗರನ್ನು ಹಾಳುಮಾಡುತ್ತಿರುವ ಎಂಡಿಎಂಎ ಆದರೆ ಬರಿಯ ಹತ್ತು ಗ್ರಾಂ, ಅಷ್ಟಿದ್ದರೆ ಹತ್ತರಿಂದ ಇಪ್ಪತ್ತು ವರ್ಷಗಳ ಕಠಿನ ಸಜೆ. ಜಾಮೀನು ಸಿಗುವುದು ಅತಿ ದುರ್ಲಭ. ಮಂಗಳೂರಿನಲ್ಲಾಗಲಿ ಕಣ್ಣೂರಿನಲ್ಲಾಗಲಿ ವಿಮಾನ ಹತ್ತುವ ಮೊದಲೇ ಪೆಟ್ಟಿ ಸಿಕ್ಕಿಬಿದ್ದರೆ ಅನ್ವಯಿಸುವುದು ಈ ಕಾನೂನೇ.

2019ರಲ್ಲಿ ಮುಂಬಯಿಯ ದಂಪತಿಗಳಿಬ್ಬರನ್ನು, ಪ್ರವಾಸದ ಏರ್ಪಾಟನ್ನೆಲ್ಲ ತಾನೇ ಮಾಡಿಕೊಟ್ಟ ಬಂಧುವೊಬ್ಬಳು ಒಂದು ಪೊಟ್ಟಣದೊಡನೆ ಕತಾರಿಗೆ ಕಳುಹಿಸಿದಳು. ದೋಹಾದಲ್ಲಿ ಅದರೊಳಗೆ ನಾಲ್ಕು ಕಿಲೋಗೂ ಮಿಕ್ಕಿದ ಚರಸ್ಸು ಕಂಡುಬಂದಿತು. ಇಬ್ಬರಿಗೂ ಹತ್ತು ಹತ್ತು ವರ್ಷಗಳ ಸಜೆಯಾಯಿತು. ಗರ್ಭಿಣಿಯಾಗಿದ್ದ ಆ ಹೆಣ್ಣುಮಗಳು ಸೆರೆವಾಸದಲ್ಲಿಯೇ ಹೆತ್ತಳು. ಊರಿನಲ್ಲಿದ್ದ ಮನೆಯವರು ದೂರು ಕೊಟ್ಟು, ಭಾರತದ ಮಾದಕವಸ್ತು ನಿಯಂತ್ರಣ ಬ್ಯೂರೋ ತನಿಖೆ ನಡೆಸಿ, ಇವರು ವಂಚಿತರೆಂಬುದಕ್ಕೆ ಆಧಾರಗಳನ್ನು ಒದಗಿಸಿದ ಬಳಿಕ, 2021ರ ಮಾರ್ಚಿನಲ್ಲಿ ಅವರು ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು. ನಿರಪರಾಧಿಗಳಿಗೂ ಒಂದೂವರೆ ವರ್ಷಕ್ಕೆ ಮಿಕ್ಕಿದ ಕಾರಾಗೃಹ! ಆ ಮನೆಯವರಂತೆ ಹೋರಾಡುವ ಬಲವು ಎಷ್ಟು ಮನೆಗಳಿಗಿದೆ?

ಒಂದು ವೇಳೆ ಬಂಧನವೇ ಆದರೆ, ನಮ್ಮವರು ಮೊದಲು ಮಾಡುವುದು ಊರಿಗೆ ಕರೆಮಾಡಿ ಶಾಸಕರ ಪರಿಚಯವಿದೆಯೇ ಎಂದು ವಿಚಾರಿಸುವುದು. ಅಮೂಲ್ಯವಾದ ಮೊದಲ ದಿನಗಳು ಹೀಗೆಯೇ ವ್ಯರ್ಥವಾಗುತ್ತವೆ. ಇಲ್ಲಿಯ ಅಪರಾಧ ನ್ಯಾಯಾಲಯಗಳ ಭಾಷೆ ಅರಬ್ಬೀ. ಪೋಲೀಸರ ಮುಂದೆ, ಪ್ರಾಸಿಕ್ಯೂಷನ್ನಿನ ಮುಂದೆ ಕೊಡುವ ಹೇಳಿಕೆಯೂ ಆ ಲಿಪಿಯಲ್ಲಿಯೇ ದಾಖಲಾಗುತ್ತದೆ. ದಣಿದು, ಹೆದರಿ, “ಸಹಿ ಹಾಕಿದರೆ ಮನೆಗೆ ಹೋಗಬಹುದೇನೋ” ಎಂಬ ಆಸೆಯಿಂದ, ಓದಲಾರದ ಕಾಗದಕ್ಕೆ ಸಹಿ ಹಾಕುವ ನಮ್ಮವರನ್ನು ನಾನು ಕಂಡಿದ್ದೇನೆ. ದುಭಾಷಿಯು ಪ್ರತಿಯೊಂದು ವಾಕ್ಯವನ್ನೂ ನಿಮಗೆ ತಿಳಿಯುವ ಭಾಷೆಯಲ್ಲಿ ಓದಿಹೇಳುವ ತನಕ ಲೇಖನಿಯನ್ನು ಮುಟ್ಟಬೇಡಿರಿ. ಕನ್ನಡದ ದುಭಾಷಿ ಸಿಗದಿದ್ದರೆ ಮಲೆಯಾಳವಾದರೂ ನಮಗೆ ಬರುತ್ತದಷ್ಟೆ. ಭಾರತೀಯ ಕಾನ್ಸುಲೇಟಿಗೆ ತಿಳಿಸಿರೆಂದು ಕೇಳುವುದು 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿಯಿಂದ ಬಂದ ಹಕ್ಕು, ಅದನ್ನು ಬಾಯಿಬಿಟ್ಟು ಕೇಳಿರಿ. ನಾವು ಕನ್ನಡಿಗರಾದರೂ ಕೇರಳದ ನಿವಾಸಿಗಳಾದುದರಿಂದ, ಕೇರಳ ಸರಕಾರದ ಸಂಸ್ಥೆಯಾದ ನೋರ್ಕಾ ರೂಟ್ಸಿನ ಪ್ರವಾಸಿ ಕಾನೂನು ನೆರವಿಗೆ ಅರ್ಜಿ ಹಾಕುವ ಅಧಿಕಾರ ನಮಗೂ ಇದೆ. ಬೆಂಗಳೂರಿನ ಕಡೆಗೇ ನೋಡುತ್ತ ಕುಳಿತ ಕಾಸರಗೋಡಿನ ಮನೆಗಳು ಇದನ್ನು ಮರೆತಿರುತ್ತವೆ.

ಶಿಕ್ಷೆಯಾದವನು ಉಳಿದ ಅವಧಿಯನ್ನು ಸ್ವದೇಶದ ಸೆರೆಮನೆಯಲ್ಲಿ ಕಳೆಯುವುದಕ್ಕೆ ಅವಕಾಶವೀಯುವ ಒಪ್ಪಂದವೊಂದು 2011ರಲ್ಲಿ ಭಾರತಕ್ಕೂ ಎಮಿರೇಟ್ಸಿಗೂ ನಡುವೆ ಆಗಿದೆ; ಆದರೆ ತೀರ್ಪು ಅಂತಿಮವಾಗಿರಬೇಕು, ಎರಡು ಸರಕಾರಗಳೂ ಸಮ್ಮತಿಸಬೇಕು. ಮರಣದಂಡನೆಗೆ ಅದು ಅನ್ವಯಿಸದು. 2025ರ ಆರಂಭದಲ್ಲಿ, ಇಲ್ಲಿಯ ಪರಮೋಚ್ಚ ನ್ಯಾಯಾಲಯವು ಕೊಲೆಯ ತೀರ್ಪುಗಳನ್ನು ಎತ್ತಿಹಿಡಿದ ಬಳಿಕ, ನಮ್ಮದೇ ಜಿಲ್ಲೆಯ ಒಬ್ಬನಿಗೂ ಕಣ್ಣೂರಿನ ಒಬ್ಬನಿಗೂ ಆ ದಂಡನೆ ಜಾರಿಯಾದ ವಾರ್ತೆ ಬಂದ ದಿನ ನಮ್ಮಲ್ಲಿ ಹಲವರಿಗೆ ಊಟ ಸೇರಲಿಲ್ಲ.

ಕೆಳನ್ಯಾಯಾಲಯದ ತೀರ್ಪಿನ ಮೇಲೆ ಅಪೀಲು ಹೋಗುವುದಕ್ಕೆ ಇರುವುದು 15 ದಿನ, ಅದರ ಮೇಲಿನ ನ್ಯಾಯಾಲಯಕ್ಕೆ 30 ದಿನ. ಮರ್ಯಾದೆಗೆ ಅಂಜಿ ಯಾವ ಮನೆಯೂ ಈ ದಿನಗಳನ್ನು ಮುಚ್ಚಿಟ್ಟು ಕಳೆಯಬಾರದೆಂದು ಬೇಡುತ್ತೇನೆ. ತೀರ್ಪಿನ ಕಾಗದ ಕೈಸೇರಿದ ಅದೇ ದಿನ, ಹೊತ್ತು ಎಷ್ಟೇ ಆಗಿರಲಿ, ಇಲ್ಲಿರುವ ನಮ್ಮ ಊರವರ ಕೂಟದ ಯಾರ ಮನೆಯ ಬಾಗಿಲನ್ನಾದರೂ ತಟ್ಟಿರಿ.