ಕುಡುಗೋಲಿಗೆ ಮೊದಲು ಬೀಜದ ತೆನೆ ಆರಿಸಿ

ಮಹಾರಾಷ್ಟ್ರದ ಬಿಡಕಿನ್ ಕಪ್ಪು ಮಣ್ಣಿನ ಬಯಲಿನ ಊರು. ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣ ತಾಲ್ಲೂಕಿಗೆ ಸೇರಿದ ಈ ಸೀಮೆಯಲ್ಲಿ ದಸರೆ ಕಳೆಯುತ್ತಲೇ ಹತ್ತಿ ಬಿಡಿಸುವ ಗಡಿಬಿಡಿ. ಪೈಠಣದ ಜಾಯಕವಾಡಿ ಜಲಾಶಯ ತುಂಬಿಸುವ ಗೋದಾವರಿ ಹುಟ್ಟುವುದು ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ. ಆ ಬೆಟ್ಟಸಾಲಿನಲ್ಲಿ ಇದೇ ಹೊತ್ತಿಗೆ ಬೇರೆಯದೇ ಸುಗ್ಗಿ: ತಗ್ಗಿನ ಗದ್ದೆಯಲ್ಲಿ ಭತ್ತ, ಇಳಿಜಾರಿನಲ್ಲಿ ರಾಗಿ, ಸಾಮೆ, ಹುಚ್ಚೆಳ್ಳು.

ಬಯಲಿನ ಹತ್ತಿ ರೈತ ಪ್ರತಿವರ್ಷ ಬೀಜದ ಪೊಟ್ಟಣ ಕೊಳ್ಳಲೇಬೇಕು. ನಮ್ಮ ದೇಶದಲ್ಲಿ ಬೆಳೆಯುವ ಬಿಟಿ ಹತ್ತಿ ಬಹುಪಾಲು ಹೈಬ್ರಿಡ್. ಅದರ ಬೀಜ ಮತ್ತೆ ಬಿತ್ತಿದರೆ ಗಿಡಗಳು ಒಂದೊಂದು ಒಂದೊಂದು ಥರ ಬರುತ್ತವೆ. ಬೆಟ್ಟದ ರಾಗಿಗೆ ಆ ಕಟ್ಟುಪಾಡಿಲ್ಲ. ರಾಗಿಯ ಹೂವು ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ, ಪಕ್ಕದ ಹೊಲದ ತಳಿ ಬೆರೆಯುವುದು ಅತಿ ಕಡಿಮೆ. ಹಾಗಾಗಿ ತಾಯಿಗಿಡದ ಗುಣ ಮುಂದಿನ ಪೈರಿಗೂ ಬರುತ್ತದೆ. ಬೀಜ ಮನೆಯಲ್ಲೇ ಮಾಡಿಕೊಳ್ಳಬಹುದು. ಆದರೆ ಆ ಕೆಲಸ ಕುಯ್ಲಿಗೆ ಮೊದಲೇ ಆಗಬೇಕು. ಕಣಕ್ಕೆ ಬಂದ ರಾಶಿಯಲ್ಲಿ ಯಾವ ಕಾಳು ಯಾವ ಗಿಡದ್ದೆಂದು ಯಾರಿಗೂ ಗೊತ್ತಾಗುವುದಿಲ್ಲ.

ಬೆಟ್ಟದವರ ಆಶ್ವಯುಜ

ನಾಸಿಕದ ಇಗತ್‌ಪುರಿ, ತ್ರ್ಯಂಬಕೇಶ್ವರ, ಪೇಠ, ಸುರಗಾಣಾ ತಾಲ್ಲೂಕುಗಳು ಮಹಾದೇವ ಕೋಳಿ, ಕೋಕಣಾ, ವಾರಲಿ ಜನರ ನೆಲೆ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ (1,646 ಮೀಟರ್) ಇಗತ್‌ಪುರಿಗೂ ಅಹಿಲ್ಯಾನಗರ ಜಿಲ್ಲೆಯ ಅಕೋಲೆ ತಾಲ್ಲೂಕಿಗೂ ಗಡಿಯಲ್ಲಿದೆ. ಮುಂಗಾರು ಹಿಂದೆ ಸರಿಯುವ ಹೊತ್ತಿಗೆ ಇಲ್ಲಿನ ಇಳಿಜಾರುಗಳಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುತ್ತದೆ, ರಾಗಿ ತೆನೆ ಕಂದು ತಿರುಗುತ್ತಿರುತ್ತದೆ. ದೀಪಾವಳಿಯ ಹೊಸ್ತಿಲಲ್ಲಿ, ಆಶ್ವಯುಜ ಬಹುಳ ದ್ವಾದಶಿಯಂದು, ದನ ಕಾಯುವವರು ವಾಘಬಾರಸ್ ಆಚರಿಸಿ ಹುಲಿದೇವರಿಗೆ ಪೂಜೆ ಸಲ್ಲಿಸುತ್ತಾರೆ. ನಮ್ಮ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಗೆ ಹೊಡೆತುಂಬಿದ ಭತ್ತಕ್ಕೆ ಬಯಕೆಯೂಟ ಬಡಿಸುವ ತಿಂಗಳೂ ಇದೇ.

ಅಕೋಲೆ ತಾಲ್ಲೂಕಿನ ಕೊಂಭಾಳಣೆಯ ರಾಹೀಬಾಯಿ ಪೋಪೆರೆ ಈ ಸೀಮೆಯ ಮಹಾದೇವ ಕೋಳಿ ಸಮುದಾಯದ ರೈತ ಮಹಿಳೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬೈಫ್ ಸಂಸ್ಥೆಯ ಬೆಂಬಲದಿಂದ ಮನೆಯಲ್ಲೇ ಬೀಜ ಬ್ಯಾಂಕ್ ಕಟ್ಟಿ, ಊರಿನ ಭತ್ತ, ಅವರೆ, ತರಕಾರಿಗಳ ನಾಟಿ ತಳಿಗಳನ್ನು ಉಳಿಸಿ, ಬೇರೆ ರೈತರಿಗೂ ಹಂಚಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅವರಂತೆ ಬ್ಯಾಂಕ್ ಕಟ್ಟಲಾಗದಿದ್ದರೂ ಒಂದೆರಡು ಎಕರೆಯ ರಾಗಿ ಬೀಜ ಮಾಡಿಕೊಳ್ಳುವುದು ಯಾವ ಮನೆಗೂ ಆಗುವ ಕೆಲಸ.

ಎಷ್ಟು ಬೀಜ ಬೇಕು?

ನಾಟಿ ಪದ್ಧತಿಯಲ್ಲಿ ಎಕರೆಗೆ ಸುಮಾರು 2 ಕೆ.ಜಿ., ಕೂರಿಗೆ ಬಿತ್ತನೆಗೆ 4ರಿಂದ 5 ಕೆ.ಜಿ. ರಾಗಿ ಸಾಕು. ತೆನೆಗೆ 5 ಗ್ರಾಂ ಕಾಳು ಎಂದು ಹಿಡಿದರೂ 2 ಕೆ.ಜಿ.ಗೆ 400 ತೆನೆ. ಜೊಳ್ಳು, ಧೂಳು, ಮೊಳೆಯದ ಕಾಳು ಲೆಕ್ಕಹಾಕಿ 600 ತೆನೆ ಆರಿಸಿಕೊಳ್ಳಿ. ಮನೆಯ ಇಬ್ಬರು ಬೆಳಗಿನ ಹೊತ್ತು ಹೊಲ ಸುತ್ತಿದರೆ ಮುಗಿಯುತ್ತದೆ.

ಹೊಲದಲ್ಲಿ ಆಯ್ಕೆ

ಕುಯ್ಲಿಗೆ ವಾರ ಹತ್ತು ದಿನ ಮೊದಲು, ಎಲೆ ಹಳದಿಯಾಗಿ ತೆನೆ ಕಂದು ಬಣ್ಣಕ್ಕೆ ಬಂದಾಗ ಹೊಲಕ್ಕಿಳಿಯಿರಿ. ಕೈಯಲ್ಲಿ ಬಣ್ಣದ ದಾರವಿರಲಿ.

• ಬದುವಿನ ಅಂಚಿನಿಂದ ನಾಲ್ಕೈದು ಹೆಜ್ಜೆ ಒಳಗಿನ ಗಿಡ ನೋಡಿ. ಅಂಚಿನ ಗಿಡಕ್ಕೆ ಬಿಸಿಲು, ಜಾಗ ಹೆಚ್ಚು. ತಿಪ್ಪೆ ಹಾಕಿದ್ದ ಜಾಗದ ಗಿಡಕ್ಕೆ ಗೊಬ್ಬರ ಹೆಚ್ಚು. ಅವುಗಳ ದಪ್ಪ ತೆನೆ ನೆಲದ ಗುಣ, ತಳಿಯ ಗುಣವಲ್ಲ.
• ಸುತ್ತಲಿನ ಗಿಡಗಳ ಜತೆ ಪೈಪೋಟಿಯಲ್ಲೂ ಮೂರು ನಾಲ್ಕು ತೆಂಡೆಗಳಲ್ಲಿ ಒಂದೇ ಸಮ ತೆನೆ ಕೊಟ್ಟ, ನೆಲಕ್ಕೆ ಮಲಗದ ಗಿಡಕ್ಕೆ ದಾರ ಕಟ್ಟಿ.
• ತೆನೆಯ ಆಕಾರ ನಿಮ್ಮ ತಳಿಯದ್ದೇ ಇರಲಿ. ಮುಷ್ಟಿ ತೆನೆಯ ತಳಿಯಲ್ಲಿ ಬಿಚ್ಚು ತೆನೆ ಕಂಡರೆ ಅದು ಬೆರಕೆ.
• ತೆನೆಯ ಬುಡದ ಕುತ್ತಿಗೆ ಬೆರಳಲ್ಲಿ ಹಿಡಿದು ನೋಡಿ. ಅಲ್ಲಿ ಕಪ್ಪು ಕಂದು ಪಟ್ಟಿಯಿದ್ದು, ಮೇಲಿನ ಕಾಳು ಜೊಳ್ಳಾಗಿದ್ದರೆ ಬೆಂಕಿರೋಗ. ಇದರ ಶಿಲೀಂಧ್ರ ಬೀಜದ ಜತೆ ಮುಂದಿನ ಸಾಲಿಗೂ ದಾಟುತ್ತದೆ. ಅಂಥ ಗಿಡದ ಒಳ್ಳೆಯ ತೆನೆಯನ್ನೂ ಬಿಟ್ಟುಬಿಡಿ.
• ಒಂದೇ ಮೂಲೆಯಿಂದ ಆರಿಸಬೇಡಿ, ಹೊಲದ ಉದ್ದಗಲಕ್ಕೂ ಆರಿಸಿ. ಮಳೆ ಕೈಕೊಟ್ಟರೂ ಹೆಚ್ಚಾದರೂ ತಾಳುವ ಗಿಡಗಳು ಬೀಜದಲ್ಲಿ ಉಳಿಯಲಿ.

ದಾರ ಕಟ್ಟಿದ ತೆನೆಗಳನ್ನು ಮೊದಲು ಕೊಯ್ದು ಬೇರೆ ಇಡಿ. ಆಮೇಲೆ ಹೊಲದ ಕುಯ್ಲು.

ಚಿತ್ತೆ, ಸ್ವಾತಿ ಮಳೆ ಬಂದರೆ

ದಕ್ಷಿಣ ಕರ್ನಾಟಕದಲ್ಲಿ ಅಕ್ಟೋಬರ್, ನವೆಂಬರ್ ಹಿಂಗಾರು ಮಳೆಯ ತಿಂಗಳು. ಬೀಜದ ತೆನೆ ಹಸಿಯಾಗಿ ಗುಡ್ಡೆ ಬಿದ್ದರೆ ಒಳಗೆ ಕಾವು ಏರಿ ಮೊಳಕೆಯ ಶಕ್ತಿ ಕೆಡುತ್ತದೆ. ಮನೆ ಬಳಕೆಯ ರಾಗಿಯನ್ನು ಮೆದೆ ಒಟ್ಟಿ ಸಂಕ್ರಾಂತಿ ಹೊತ್ತಿಗೆ ಬಡಿಯುವ ರೂಢಿಯಿದೆ. ಬೀಜದ ತೆನೆಯನ್ನು ಮಾತ್ರ ಆ ಮೆದೆಗೆ ಸೇರಿಸಬೇಡಿ. ಜಗಲಿಯಲ್ಲಿ ಚಾಪೆ ಹಾಸಿ ತೆಳುವಾಗಿ ಹರವಿ, ದಿನಕ್ಕೆರಡು ಸಲ ಮಗುಚಿ. ಮೋಡ ಬಿಡದಿದ್ದರೆ ಸಣ್ಣ ಕಟ್ಟು ಕಟ್ಟಿ ಗಾಳಿಯಾಡುವ ಕಡೆ ತೂಗುಹಾಕಿ.

ಬಡಿಯುವುದು ಕೋಲಿನಿಂದ, ಸಗಣಿ ಸಾರಿಸಿ ಒಣಗಿಸಿದ ಕಣದಲ್ಲಿ ಅಥವಾ ಟಾರ್ಪಾಲಿನ ಮೇಲೆ. ಡಾಂಬರು ರಸ್ತೆಗೆ ಹರವಿ ವಾಹನ ಹಾಯಿಸಿದರೆ ಕಾಳು ಒಡೆಯುತ್ತದೆ, ಬೇರೆಯವರ ರಾಗಿ ಬೆರೆಯುತ್ತದೆ, ಬೈಕಿನವರಿಗೂ ಅಪಾಯ.

ಒಣಗಿತೇ ಎಂದು ತಿಳಿಯುವುದು

ಬೀಜದ ತೇವಾಂಶ ಶೇ. 12 ಮೀರಬಾರದು. ಅಳೆಯುವ ಯಂತ್ರವಿಲ್ಲದಿದ್ದರೆ ಒಣಗಿದ ಗಾಜಿನ ಬಾಟಲಿಗೆ ಎರಡು ಹಿಡಿ ರಾಗಿ, ಒಂದೆರಡು ಚಮಚ ಒಣ ಪುಡಿ ಉಪ್ಪು ಹಾಕಿ ಮುಚ್ಚಳ ಬಿಗಿದು ಕುಲುಕಿ, ಹತ್ತು ನಿಮಿಷ ಬಿಡಿ. ಉಪ್ಪು ಬಾಟಲಿಯ ಗೋಡೆಗೆ ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚಿದೆ ಎಂದರ್ಥ. ಅಂಟದೆ ಕೆಳಗುದುರಿದರೂ ಇನ್ನೆರಡು ದಿನ ಎಳೆಬಿಸಿಲು ಕಾಣಿಸಿ. ಪರೀಕ್ಷೆಗೆ ಬಳಸಿದ ಕಾಳನ್ನು ಬೀಜಕ್ಕೆ ಸೇರಿಸಬೇಡಿ.

ಗಾಳಿ ಹೊಗದ ಡಬ್ಬಿಯಲ್ಲಿ ತುಂಬಿ, ನೆಲ, ಗೋಡೆಗೆ ತಾಗದಂತೆ ಹಲಗೆಯ ಮೇಲಿಡಿ. ತಳಿಯ ಹೆಸರು, ಕೊಯ್ದ ತಿಂಗಳು, ಯಾವ ಹೊಲ ಎಂದು ಚೀಟಿ ಬರೆದು ಒಂದನ್ನು ಒಳಗೆ, ಒಂದನ್ನು ಹೊರಗೆ ಹಾಕಿ. ರಾಗಿಗೆ ಹುಳುವಿನ ಕಾಟ ಕಡಿಮೆ. ಹಳೇ ಮೈಸೂರು ಸೀಮೆಯವರು ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದದ್ದು ಅದಕ್ಕೇ. ಅಕ್ಕಡಿ ಸಾಲಿನ ಅವರೆ, ತೊಗರಿ ಹಾಗಲ್ಲ. ಅವಕ್ಕೆ ಕೆಮ್ಮಣ್ಣು ಕಟ್ಟಿ ಒಣಗಿಸಿ, ಇಲ್ಲವೇ ಕೆ.ಜಿ.ಗೆ 5 ಮಿ.ಲೀ. ಹರಳೆಣ್ಣೆ ಸವರಿ ಇಡಿ.

ಮೊಳಕೆ ನೋಡದೆ ಬಿತ್ತಬೇಡಿ

ಮಹಾರಾಷ್ಟ್ರದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ನವರಾತ್ರಿಯ ಘಟಸ್ಥಾಪನೆಯಂದು ಘಟದ ಸುತ್ತ ಮಣ್ಣಿನಲ್ಲಿ ಕಾಳು ಬಿತ್ತುತ್ತಾರೆ. ಮನೆಯಲ್ಲಿರುವ ಜೋಳ, ಗೋಧಿ, ಕಡಲೆಯನ್ನೇ ಎಣಿಸಿ ಬಿತ್ತಿದರೆ ಹಿಂಗಾರಿನ ಬೀಜ ಪರೀಕ್ಷೆಯೂ ಆದಂತೆ. ರಾಗಿಗಾದರೆ ಮೇ ತಿಂಗಳಲ್ಲಿ 100 ಕಾಳು ಎಣಿಸಿ ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿ, ಬಟ್ಟೆ ಆರದಂತೆ ಐದಾರು ದಿನ ನೆರಳಲ್ಲಿಡಿ. ದೃಢೀಕೃತ ರಾಗಿ ಬೀಜಕ್ಕೆ ಇರಬೇಕಾದ ಕನಿಷ್ಠ ಮೊಳಕೆ ಶೇ. 75. ನಿಮ್ಮದು ಅದಕ್ಕಿಂತ ತುಸು ಕಡಿಮೆಯಿದ್ದರೆ ಬೀಜದ ಪ್ರಮಾಣ ಹೆಚ್ಚಿಸಿ. ಅರ್ಧಕ್ಕೆ ಇಳಿದಿದ್ದರೆ ರೊಟ್ಟಿ ಮುದ್ದೆಗೆ ಬಳಸಿ.

ಸುಧಾರಿತ ತಳಿಗಳಿಗೂ ಇದೇ ಕ್ರಮ

ನಾಟಿ ರಾಗಿ ಮಾತ್ರ ಹೀಗೆ ಉಳಿಸಬಹುದು ಎಂಬ ತಪ್ಪು ತಿಳಿವಳಿಕೆ ಬೇಡ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಬೆಂಕಿರೋಗ ತಡೆಯುವ ಜಿಪಿಯು-28 ಬಂತು. ಇವೆಲ್ಲ ಸ್ಥಿರಗೊಂಡ ಶುದ್ಧ ತಳಿಗಳು, ಹೈಬ್ರಿಡ್ ಅಲ್ಲ. ಮೂರು ವರ್ಷ ಮನೆಯ ಬೀಜ ಬಳಸಿ, ನಾಲ್ಕನೆಯ ವರ್ಷ ರೈತ ಸಂಪರ್ಕ ಕೇಂದ್ರದಿಂದ ದೃಢೀಕೃತ ಬೀಜ ತಂದರೆ ಬೆರಕೆ ಕಳೆಯುತ್ತದೆ. ಬೀಜೋಪಚಾರಕ್ಕೆ ಯಾವ ಔಷಧ, ಎಷ್ಟು ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ.

ಕಾನೂನೂ ರೈತರ ಪರವಾಗಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ರೈತ ತಾನು ಬೆಳೆದ ಬೀಜವನ್ನು ಉಳಿಸಬಹುದು, ಬಿತ್ತಬಹುದು, ನೆರೆಯವರೊಂದಿಗೆ ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರು ಹಾಕಿ ಪೊಟ್ಟಣದಲ್ಲಿ ಮಾರುವಂತಿಲ್ಲ, ಅಷ್ಟೇ. ಒಂದೇ ಊರಿನ ಐದಾರು ಮನೆಯವರು ಬೇರೆ ಬೇರೆ ತಳಿಯ ಬೀಜ ಮಾಡಿಟ್ಟುಕೊಂಡರೆ, ಒಬ್ಬರ ಡಬ್ಬಿ ಕೆಟ್ಟ ವರ್ಷ ಇನ್ನೊಬ್ಬರಿಂದ ಸೇರು ರಾಗಿ ಎರವಲು ಸಿಗುತ್ತದೆ. ಈ ಸಲದ ಕುಯ್ಲಿಗೆ ಆಳು ಕರೆಯುವ ಮೊದಲು ಯಾರು ಯಾವ ತಳಿ ಎಂದು ಮಾತಾಡಿಕೊಳ್ಳಿ.